ಎರಡನೇ ಸಿಸ್ಟಂ ಮರೆಯಲಿಲ್ಲ

ಫೆಬ್ರುವರಿ 14, 2005. ಸೋಮವಾರ

ಶೆಟರ್ ಎತ್ತಿ, ಕಸ ಗುಡಿಸಿ, ನಾಲ್ಕೂ ಸಿಸ್ಟಂ ಆನ್ ಮಾಡಿ, ಮೋಡೆಮ್ ಕಿರುಚಾಟ ಮುಗಿಯುವವರೆಗೆ ಕಾದು... ಮುಳಬಾಗಿಲು ಬಸ್ ಸ್ಟ್ಯಾಂಡ್ ಎದುರಿನ ಸೈಬರ್ ಸೆಂಟರಿನ ಪ್ರಧಾನ ಅರ್ಚಕನಾದ ನಾನು, ಅಂದರೆ ಬಿ.ಕಾಂ. ಕೊನೆ ವರ್ಷದ ಕೌಸ್ತುಭ್, ಇಂದೂ ಯಂತ್ರಸೇವೆ ಆರಂಭಿಸಿದೆ. ಕಾಲೇಜು ಮಧ್ಯಾಹ್ನದ ಮೇಲೆ. ಹೋದರೆ.

ಎರಡನೇ ಸಿಸ್ಟಮ್ಮಿನ ಮಹಿಮೆ ಊರಿಗೆಲ್ಲ ಹಬ್ಬುತ್ತಿದೆ. ಅದರ ಮುಂದೆ ಕೂತವರ ಮುಖ ಪೂರ್ವಕ್ಕಿರುತ್ತದೆ. ಅಷ್ಟು ಸಾಕಾಯಿತು ನನಗೆ. ಹೋದ ತಿಂಗಳು ಕುರುಡುಮಲೆ ಗಣಪನ ಫೋಟೊ ಒಂದನ್ನು ಮಾನಿಟರ್ ನೆತ್ತಿಗೆ ಅಂಟಿಸಿ ಘೋಷಣೆ ಹೊರಡಿಸಿದೆ—ರಿಸಲ್ಟು, ಕೆಲಸದ ಅರ್ಜಿ, ವಧೂವರಾನ್ವೇಷಣೆ, ಸಕಲ ಶುಭಕಾರ್ಯಗಳೂ ಇದರಲ್ಲೇ. ಮಿಕ್ಕ ಮೂರು ಚಾಟಿಂಗಿಗೆ. ತಮಾಷೆಗೆ ಹೇಳಿದ್ದು. ಈಗ ಮೂರು ಸಿಸ್ಟಂ ಖಾಲಿ ಇದ್ದರೂ ಜನ ಎರಡನೆಯದಕ್ಕೇ ಕ್ಯೂ ನಿಲ್ಲುತ್ತಾರೆ.

ಇಂದು ಟೊಮೆಟೊ ಬೆಳೆಯುವ ಶ್ರೀನಿವಾಸಪ್ಪನವರು ಬಂದಿದ್ದರು. ರೇಟು ನೋಡಬೇಕಂತೆ. ಸೈಟು ತೆರೆದೆ. ತಾನೇ ಕೋಲಾರದ ಮಾರ್ಕೆಟ್ಟಿನ ಪುಟ ಬಂತು.

‘ನಾನು ಕೋಲಾರ ಅಂತ ಹೇಳೇ ಇಲ್ವಲ್ಲಪ್ಪಾ, ಅದಕ್ಕೆಂಗೆ ಗೊತ್ತಾಯ್ತು?’

‘ನೀವು ಯಾವ ಮಂಡಿಗೆ ಹಾಕ್ತೀರಿ ಅಂತ ಗಣಪನಿಗೆ ಗೊತ್ತಿರಲ್ವಾ?’ ಅಂದೆ. ಮುಖದಲ್ಲಿ ಒಂದು ಗೆರೆ ಅಲುಗಿಸಲಿಲ್ಲ.

ಎದ್ದು ಹೋಗಿ ಚಪ್ಪಲಿ ಹೊರಗೆ ಬಿಟ್ಟು ಬಂದು ಮತ್ತೆ ಕೂತರು. ನಾನು ಸ್ಟೇಷನರಿ ಬೀರುವಿನ ಹಿಂದೆ ಹೋಗಿ ಹೊಟ್ಟೆ ಹಿಡಿದುಕೊಂಡು ನಕ್ಕೆ.

ಫೆಬ್ರುವರಿ 16, ಬುಧವಾರ

ಓನರ್ ಅಮರನಾಥಣ್ಣ ಗೌನಿಪಲ್ಲಿಯಿಂದ ಬಂದರು. ಅಲ್ಲಿ ಅವರ ಮಾವಿನ ತೋಪು. ವಾರಕ್ಕೆರಡು ಸಲ ಇಲ್ಲಿ ದರ್ಶನ. ಬಂದ ತಕ್ಷಣ ಬೈಗುಳ.

‘ಏನ್ಲಾ, ಸಾಯಂಕಾಲ ಶೆಟರ್ ಎಳೆಯೋ ಮುಂಚೆ ಎಲ್ಲಾ ಸಿಸ್ಟಂನಲ್ಲೂ ಕುಕೀಸ್ ಡಿಲೀಟ್ ಮಾಡು ಅಂದಿದ್ನಲ್ಲ? ಒಬ್ಬರ ಮೇಲ್ ಇನ್ನೊಬ್ಬರಿಗೆ ಓಪನ್ ಆದ್ರೆ ಯಾರಪ್ಪಾ ಗತಿ?’

‘ಮಾಡ್ತಾನೇ ಇದೀನಿ ಅಣ್ಣಾ.’

‘ನಿನ್ ಮುಖ ನೋಡಿದ್ರೆ ನಂಬಿಕೇನೇ ಬರಲ್ಲ ಕಣೋ. ಸರ್ಲೇ, ಹೋಗ್ಲಿ ಬಿಡು.’

ಮಿಕ್ಕ ಮೂರರಲ್ಲಿ ಮಾಡುತ್ತೇನೆ. ಎರಡನೆಯದರಲ್ಲಿ ಮಾಡುವುದಿಲ್ಲ. ಮಹಿಮೆಯೆಲ್ಲ ಅದರಲ್ಲೇ ಇರುವುದು.

ಕುಕಿ ಎಂದರೆ ಚೀಟಿ. ನಾವು ಒಂದು ಸೈಟಿಗೆ ಹೋದರೆ ಅದು ನಮ್ಮ ಕಂಪ್ಯೂಟರಿನಲ್ಲೇ ಒಂದು ಚೀಟಿ ಇಟ್ಟು ಹೋಗುತ್ತದೆ. ಅದರಲ್ಲಿ ಬರೆದಿರುತ್ತದೆ: ಈತ ಕೋಲಾರ ಮಾರ್ಕೆಟ್ ಕೇಳಿದ. ಈಕೆ ಲಾಗಿನ್ ಆಗಿದ್ದಾಳೆ, ಮತ್ತೆ ಪಾಸ್‌ವರ್ಡ್ ಕೇಳಬೇಡ. ಮುಂದಿನ ಸಲ ಹೋದಾಗ ಸೈಟು ತನ್ನ ಚೀಟಿಯನ್ನು ತಾನೇ ಓದಿಕೊಂಡು ‘ಓಹೋ, ಬನ್ನಿ ಬನ್ನಿ’ ಅನ್ನುತ್ತದೆ. ಮನೆಯ ಕಂಪ್ಯೂಟರಿನಲ್ಲಿ ಇದು ಅನುಕೂಲ. ಊರಿಗೆಲ್ಲ ಒಂದೇ ಕಂಪ್ಯೂಟರ್ ಆದಾಗ? ಕೂತವರು ಯಾರೆಂದು ಚೀಟಿಗೆ ಗೊತ್ತಾಗುವುದಿಲ್ಲ. ಕುರ್ಚಿ ಕಾಣುತ್ತದೆ, ಮನುಷ್ಯ ಕಾಣುವುದಿಲ್ಲ. ಲಾಗಿನ್ ಪುಟದಲ್ಲಿ ‘ನನ್ನನ್ನು ನೆನಪಿಟ್ಟುಕೋ’ ಎಂಬ ಚೌಕಕ್ಕೆ ಸೈಟಿನವರೇ ಮೊದಲೇ ಟಿಕ್ ಹಾಕಿಟ್ಟಿರುತ್ತಾರೆ. ಬೇಡವೆಂದರೆ ನಾವೇ ತೆಗೆಯಬೇಕು. ಯಾರು ನೋಡುತ್ತಾರೆ?

ಇತಿ ಸೈಬರ್ ಪುರಾಣೇ ಕುಕಿ ಖಂಡೇ ಪ್ರಥಮೋಧ್ಯಾಯಃ.

ಫೆಬ್ರುವರಿ 24, ಗುರುವಾರ

ಬಾಗಿಲು ಹಾಕುವ ಮುಂಚೆ ಎರಡನೇ ಸಿಸ್ಟಮ್ಮಿನಲ್ಲಿ ಏನೇನು ಉಳಿದಿದೆ ಎಂದು ನೋಡುವುದು ನನ್ನ ಸಂಧ್ಯಾವಂದನೆ. ಇಂದು ಮೊದಲ ಸಲ ಮದುವೆ ಸೈಟು ತೆರೆದೆ.

‘ವೆಲ್‌ಕಂ ಬ್ಯಾಕ್, ವಿಭಾ.’ ಪಕ್ಕದಲ್ಲಿ ಫೋಟೊ. ನಮ್ಮ ವಿಭಾ ಮಿಸ್!

ಎದುರು ಮನೆಯ ಸೊಸೆ. ಎಸ್ಸೆಸ್ಸೆಲ್ಸಿಯಲ್ಲಿ ನನಗೆ ಗಣಿತ ತುರುಕಿದವರು. ಈಗಲೂ ಕಾನ್ವೆಂಟಿನಲ್ಲಿ ಟೀಚರ್. ಅವರ ಗಂಡ ಮೂರು ವರ್ಷದ ಹಿಂದೆ ಹೈವೇಯಲ್ಲಿ ಲಾರಿಗೆ ಸಿಕ್ಕಿ ಹೋದರು. ಮಿಸ್ ಅತ್ತೆ ಮಾವನ ಜೊತೆಯಲ್ಲೇ ಇದ್ದಾರೆ. ಶನಿವಾರ ಶನಿವಾರ ಇಲ್ಲಿಗೆ ಬಂದು ಕೂರುತ್ತಿದ್ದರು. ಕ್ವೆಶ್ಚನ್ ಪೇಪರ್ ಹುಡುಕುತ್ತಾರೆ ಅಂದುಕೊಂಡಿದ್ದೆ.

ಮೂರು ಹೊಸ ಮೆಸೇಜು. ದಪ್ಪಕ್ಷರದಲ್ಲಿ. ಒಂದು ತೆರೆದೆ. ಒಂದೇ.

ಮಾಲೂರಿನವರು. ಹೆಂಚಿನ ಫ್ಯಾಕ್ಟರಿಯ ಆಫೀಸಿನಲ್ಲಿ ಕೆಲಸ. ಅವರ ಹೆಂಡತಿಯೂ ಇಲ್ಲ. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆದಿದ್ದಾರೆ—ನಿಮ್ಮ ಸ್ಕೂಲಿನ ಮಕ್ಕಳು ಈಗಲೂ ಮಗ್ಗಿಯನ್ನು ರಾಗವಾಗಿ ಹೇಳುತ್ತಾರಾ, ನನಗೆ ಏಳರ ಮಗ್ಗಿ ರಾಗವಿಲ್ಲದೆ ಇಂದಿಗೂ ಬರುವುದಿಲ್ಲ ಅಂತ. ಅಷ್ಟೇ.

ಮುಚ್ಚಿದೆ. ಓದಿದ ಮೆಸೇಜಿನ ದಪ್ಪಕ್ಷರ ತೆಳ್ಳಗಾಗಿಬಿಟ್ಟಿತ್ತು. ಮತ್ತೆ ದಪ್ಪ ಮಾಡಲು ಬರಲಿಲ್ಲ.

ಕುಕಿ ಅಳಿಸಲಿಲ್ಲ. ಶನಿವಾರ ಮಿಸ್ ಬಂದಾಗ ಎರಡನೇ ಸಿಸ್ಟಂ ಮುಂದೆ ಕೈಮುಗಿದು ನಿಂತು ‘ಗಣಪ ನುಡಿಯುತ್ತಾನೆ, ಮಾಲೂರಿನಿಂದ ಶುಭವಾರ್ತೆ’ ಅನ್ನಬೇಕು. ಮಿಸ್ ಮುಖ ಹೇಗಾಗುತ್ತದೋ! ಕಿವಿ ಹಿಂಡುತ್ತಾರೆ, ಖಂಡಿತ.

ಫೆಬ್ರುವರಿ 25, ಶುಕ್ರವಾರ

ಆದದ್ದನ್ನು ಆದ ಹಾಗೇ ಬರೆಯುತ್ತೇನೆ.

ಹನ್ನೊಂದರ ಸುಮಾರಿಗೆ ಝೆರಾಕ್ಸ್ ಮಷೀನ್ ಹತ್ತಿರ ಇದ್ದೆ. ಬಾಗಿಲಲ್ಲಿ ನರಸಿಂಹ ಮಾವ. ವಿಭಾ ಮಿಸ್‌ಗೆ ಮಾವ, ನಮ್ಮ ಬೀದಿಯ ಹುಡುಗರಿಗೆಲ್ಲ ಮಾವ. ತಾಲ್ಲೂಕು ಆಫೀಸಿನಲ್ಲಿ ಅಕೌಂಟೆಂಟ್ ಆಗಿ ರಿಟೈರ್ ಆದವರು. ಹಣೆಯಲ್ಲಿ ಕುಂಕುಮ, ಕೈಯಲ್ಲಿ ಮಗಳು ಸೌಪರ್ಣಿಕಾಳ ಜಾತಕ. ಬೆಳಿಗ್ಗೆಯೇ ಕುರುಡುಮಲೆಗೆ ಹೋಗಿ ಜಾತಕವನ್ನು ಗಣಪನ ಪಾದಕ್ಕೆ ಮುಟ್ಟಿಸಿ, ಅಲ್ಲಿಂದ ಸೀದಾ ಇಲ್ಲಿಗೆ.

ಅಮರನಾಥಣ್ಣ ಇದ್ದರು. ‘ಬನ್ನಿ ಸ್ವಾಮಿ. ಗಂಡು ಹುಡುಕೋದಾ? ಈಗ ಎಲ್ಲಾ ಸೈಟಲ್ಲೇ. ಕೂತ್ಕೊಳ್ಳಿ, ನಾನೇ ಓಪನ್ ಮಾಡಿ ತೋರಿಸ್ತೀನಿ.’

ನಾನು ಅಲ್ಲಿಂದಲೇ ಕೂಗಿದೆ.

‘ಮಾವಾ, ಮೂರನೇದ್ರಲ್ಲಿ ಕೂತ್ಕೊಳ್ಳಿ! ಅದು ಫಾಸ್ಟು!’

‘ಛೆ ಛೆ, ಶುಭಕಾರ್ಯ ಕಣೋ. ಎರಡನೇದೇ ಆಗ್ಬೇಕು. ನೀನೇ ಹೇಳಿದ್ಯಂತಲ್ಲ.’

‘ಅಣ್ಣಾ, ಎರಡನೇದು ಹ್ಯಾಂಗ್ ಆಗಿದೆ!’

‘ಈಗ ತಾನೇ ಚೆನ್ನಾಗಿತ್ತಲ್ಲೋ. ಸುಮ್ನೆ ಝೆರಾಕ್ಸ್ ತೆಗಿ.’

ಮಾವ ಚಪ್ಪಲಿ ಬಿಟ್ಟು ಬಂದರು. ಮಾನಿಟರಿಗೆ ಕೈ ಮುಗಿದರು. ಝೆರಾಕ್ಸಿಗೆ ಬಂದವರನ್ನು ತಳ್ಳಿಕೊಂಡೇ ಓಡಿದೆ. ತಡವಾಗಿತ್ತು. ಅಮರನಾಥಣ್ಣ ಸೈಟು ತೆರೆದಾಗಿತ್ತು: ‘ವೆಲ್‌ಕಂ ಬ್ಯಾಕ್, ವಿಭಾ.’

ಮಾವ ಓದಿದರು. ಮತ್ತೊಮ್ಮೆ ಓದಿದರು. ಬಹಳ ಮೆಲ್ಲಗೆ ಕೇಳಿದರು: ‘ಅಮರನಾಥಪ್ಪಾ, ಇದು ಸೌಪರ್ಣಿಕಾ ಹೆಸರು ಕೇಳ್ಬೇಕಾದ್ದು... ವಿಭಾ ಹೆಸರು ಯಾಕೆ ಹೇಳ್ತಿದೆ?’

ಆಮೇಲೆ ಫೋಟೊ ಕಂಡಿತು. ಜಾತಕವನ್ನು ಜೇಬಿಗಿಟ್ಟರು. ‘ಇದನ್ನ ಯಾರೂ ಮುಟ್ಟಕೂಡದು’ ಅಂದರು. ಹೋದರು. ಚಪ್ಪಲಿ ಮರೆತು ಬರಿಗಾಲಲ್ಲೇ ರಸ್ತೆ ದಾಟುತ್ತಿದ್ದರು. ಹಿಂದೆ ಓಡಿ ಹೋಗಿ ಕೊಟ್ಟೆ. ನನ್ನ ಮುಖ ನೋಡಲಿಲ್ಲ.

ಅಮರನಾಥಣ್ಣನಿಗೆ ಪೊಲೀಸ್ ಕೇಸಿನ ಭಯ. ಎರಡನೇ ಸಿಸ್ಟಂ ಆಫ್ ಮಾಡಿ ಮೇಲೆ ಟವಲ್ ಹೊದಿಸಿ ಕೂತಿದ್ದಾರೆ. ‘ದಿನಾ ಡಿಲೀಟ್ ಮಾಡ್ತಿದ್ದೆ ಅಲ್ವೇನ್ಲಾ? ಮತ್ತೆ ಇದೆಂಗೆ ಬಂತು?’

‘ಸರ್ವರ್ ಪ್ರಾಬ್ಲಂ ಅಣ್ಣಾ’ ಅಂದೆ.

ಫೆಬ್ರುವರಿ 26, ಶನಿವಾರ

ಮಿಸ್ ಬರಲಿಲ್ಲ.

ಮಾರ್ಚ್ 3, ಗುರುವಾರ

ನಮ್ಮ ಅಡುಗೆಮನೆಯಲ್ಲಿ ಜಾನಕಮ್ಮ ಅತ್ತೆ, ಅಂದರೆ ನರಸಿಂಹ ಮಾವನ ಹೆಂಡತಿ. ಅಮ್ಮನ ಹತ್ತಿರ ಅಳುತ್ತಿದ್ದರು. ನಾನು ನಡುಮನೆಯಲ್ಲಿ ಕಾಸ್ಟ್ ಅಕೌಂಟಿಂಗ್ ಪುಸ್ತಕ ಹಿಡಿದು ಕೂತಿದ್ದೆ. ತಲೆಕೆಳಗಾಗಿ ಹಿಡಿದಿದ್ದೆ ಅಂತ ಆಮೇಲೆ ಗೊತ್ತಾಯಿತು.

‘ಮಗಳ ಹಾಗೆ ಇಟ್ಕೊಂಡಿದ್ವಿ ಶಾಮಲಾ. ಅವಳೂ ಹಾಗೇ ಇದ್ಳು. ಬಾಯಿ ಬಿಟ್ಟು ಒಂದು ಮಾತು ಹೇಳಿದ್ರೆ ಆಗ್ತಿರ್ಲಿಲ್ವಾ? ಅಂಗಡೀಲಿ ಫೋಟೊ ಹಾಕ್ಕೊಂಡಿದಾಳೆ, ಊರೋರೆಲ್ಲ ನೋಡೋ ಹಾಗೆ!’

‘ಅವಳು ಏನಂತಾಳೆ?’

‘ಏನೂ ಅನ್ನಲ್ಲ. ಇವರು ಕೇಳೂ ಇಲ್ಲ. ಎದುರುಬದುರು ಕೂತು ಊಟ ಮಾಡಿ ಆರು ದಿನ ಆಯ್ತು. ಸೌಪಿಗೆ ಗಂಡು ನೋಡೋ ಹೊತ್ತಲ್ಲಿ... ಶ್ರೀನಿವಾಸಪುರಕ್ಕೆ ಅವಳ ಅಣ್ಣನ ಮನೆಗೆ ಕಳಿಸಿಬಿಡೋಣ ಅಂತಿದಾರೆ. ಸ್ಕೂಲು ಬಿಡಿಸಿ.’

ಅಮ್ಮ ಕಾಫಿ ಬೆರೆಸುವುದು ನಿಲ್ಲಿಸಿದಳು. ‘ಅಷ್ಟು ಮಟ್ಟಕ್ಕೆ ಯಾಕೆ ಹೋಗ್ತೀರಿ ಜಾನಕಮ್ಮ?’

ಮಿಸ್ ಕೆಲಸ, ಮನೆ, ಆ ಮಾಲೂರಿನವರು. ಎಲ್ಲ ಹೋಗುತ್ತದೆ. ಯಾಕೆ? ಒಂದು ಬಟನ್ ಒತ್ತಲಿಲ್ಲ ನಾನು, ಅದಕ್ಕೆ. ಮರೆತು ಬಿಟ್ಟಿದ್ದಲ್ಲ. ಬೇಕೆಂದೇ ಬಿಟ್ಟಿದ್ದು.

ಎರಡು ದಿನದಿಂದ ಊಟ ಇಳಿಯುತ್ತಿಲ್ಲ. ಪರೀಕ್ಷೆಯ ಟೆನ್ಷನ್ ಅಂತ ಅಮ್ಮ ತುಪ್ಪ ಜಾಸ್ತಿ ಹಾಕುತ್ತಿದ್ದಾಳೆ.

ಮಾರ್ಚ್ 5, ಶನಿವಾರ

ಮಾಡಿಬಿಟ್ಟೆ.

ಬೆಳಿಗ್ಗೆ ಎದುರು ಮನೆಗೆ ಹೋದೆ. ನಡುಮನೆಯಲ್ಲಿ ಮಾವ, ಅತ್ತೆ. ಅಡುಗೆಮನೆಯ ಹೊಸ್ತಿಲಲ್ಲಿ ಮಿಸ್, ಕೈಯಲ್ಲಿ ತರಕಾರಿ ತಟ್ಟೆ.

‘ಮಾವ, ಅದು ನಾನು ಮಾಡಿದ್ದು. ತಮಾಷೆಗೆ. ಮಿಸ್ ಹೆಸರು ಹಾಕಿ, ಸ್ಕೂಲ್ ಗ್ರೂಪ್ ಫೋಟೊದಿಂದ ಮುಖ ಕತ್ತರಿಸಿ...’

ಮುಂದಿನ ಸುಳ್ಳು ಜೋಡಿಸಿಟ್ಟುಕೊಂಡಿದ್ದೆ. ಬೇಕೇ ಆಗಲಿಲ್ಲ. ಅರ್ಧಕ್ಕೇ ನಂಬಿದರು. ‘ನನಗೆ ಮೊದ್ಲೇ ಹೊಳೀಬೇಕಿತ್ತು! ನಿನ್ನ ಬಿಟ್ರೆ ಈ ಊರಲ್ಲಿ ಇನ್ಯಾರು ಮಾಡ್ತಾರೆ ಇಂಥಾ ಕೆಲಸ!’ ಮಾವ ಕಪಾಳಕ್ಕೆ ಬಿಟ್ಟರು. ಹೊಡೆದರೂ ಮುಖ ಮಾತ್ರ ಹಗುರವಾಗಿತ್ತು. ಅತ್ತೆ ಅಳುತ್ತಾ ದೇವರ ಮನೆಯ ಕಡೆ ತಿರುಗಿ ಕೈ ಮುಗಿದರು.

ಮಿಸ್ ನನ್ನನ್ನೇ ನೋಡುತ್ತಿದ್ದರು. ಬಾಯಿ ತೆರೆದರು, ಮುಚ್ಚಿದರು.

‘ನಡಿ, ಈಗಲೇ ನನ್ನ ಕಣ್ಣೆದುರಿಗೇ ಅಳಿಸು’ ಅಂದರು ಮಾವ.

ಸೆಂಟರಿಗೆ ಹೋದೆವು; ಹಿಂದೆಯೇ ಮಿಸ್ ಬಂದು ಬಾಗಿಲ ಬಳಿ ನಿಂತರು. ಟವಲ್ ತೆಗೆದು ಆನ್ ಮಾಡಿದೆ. ಚೀಟಿ ಹಾಗೇ ಇತ್ತು. ಪಾಸ್‌ವರ್ಡ್ ಕೇಳದೆ ಒಳಗೆ ಬಿಟ್ಟಿತು. ಹಾಗಾಗಿ ‘ನಾನೇ ಮಾಡಿದ್ದು’ ಎಂಬುದಕ್ಕೆ ಸಾಕ್ಷಿಯೂ ಸಿಕ್ಕಿತು. ‘ಪ್ರೊಫೈಲ್ ಅಳಿಸು’ ಎಂಬಲ್ಲಿಗೆ ಹೋದೆ. ಅಳಿಸಿದರೆ ಮೆಸೇಜುಗಳೂ ಶಾಶ್ವತವಾಗಿ ಹೋಗುತ್ತವೆ ಎಂದು ಕೆಂಪಕ್ಷರದಲ್ಲಿ ಬಂತು. ಏಳರ ಮಗ್ಗಿ...

ಆಗಲಿಲ್ಲ.

ಆ ಪುಟ ಮುಚ್ಚಿ ಮೇಲೆ ಟೂಲ್ಸ್‌ಗೆ ಹೋಗಿ ‘ಡಿಲೀಟ್ ಕುಕೀಸ್’ ಒತ್ತಿದೆ. ಸೈಟನ್ನು ಮತ್ತೆ ತೆರೆದೆ. ವಿಭಾ ಇಲ್ಲ. ‘ವೆಲ್‌ಕಂ, ಗೆಸ್ಟ್.’

‘ಹೋಯ್ತಾ?’

‘ಹೋಯ್ತು ಮಾವ.’

ಹೋದದ್ದು ಚೀಟಿ. ಪ್ರೊಫೈಲು ಸೈಟಿನವರ ಹತ್ತಿರ ಭದ್ರವಾಗಿದೆ. ಮಾವನಿಗೆ ವ್ಯತ್ಯಾಸ ಗೊತ್ತಾಗಲಿಲ್ಲ. ದೀರ್ಘವಾಗಿ ಉಸಿರು ಬಿಟ್ಟರು. ಗಣಪನ ಫೋಟೊವನ್ನು ತಾವೇ ಮಾನಿಟರಿನಿಂದ ಬಿಡಿಸಿ ಕಣ್ಣಿಗೊತ್ತಿಕೊಂಡು ಜೇಬಿಗಿಟ್ಟುಕೊಂಡರು. ‘ನಿಂಗೆ ಇಂಥದ್ದು ಇಟ್ಕೊಳ್ಳೋ ಯೋಗ್ಯತೆ ಇಲ್ಲ.’

ಇಲ್ಲ. ಒಪ್ಪಿದೆ.

ಆದರೂ ಮನೆಗೆ ಬರುವಾಗ ಎದೆ ಸ್ವಲ್ಪ ಉಬ್ಬಿತ್ತು. ಒಂದೇ ಏಟಿಗೆ ಎಲ್ಲ ಸರಿಮಾಡಿದೆ ಅನಿಸಿತು. ಸುಳ್ಳೇಕೆ, ಅನಿಸಿತ್ತು.

ಮಾರ್ಚ್ 8, ಮಂಗಳವಾರ

ಅಮರನಾಥಣ್ಣ ಕೆಲಸದಿಂದ ತೆಗೆಯಲಿಲ್ಲ. ‘ಪರೀಕ್ಷೆ ಮುಗಿಯೋವರ್ಗೂ ಇರು, ಆಮೇಲೆ ನಿನ್ ದಾರಿ ನೋಡ್ಕೋ’ ಅಂದರು. ಅಪ್ಪ ಮಾತಾಡಿಸುತ್ತಿಲ್ಲ. ಊರಲ್ಲೆಲ್ಲ ಸುದ್ದಿ. ಕಾಲೇಜಿನಲ್ಲಿ ಹುಡುಗರು ‘ನನ್ನದೂ ಒಂದು ಪ್ರೊಫೈಲ್ ಹಾಕು ಗುರುವೇ’ ಅಂತ ಕಾಲಿಗೆ ಬೀಳುತ್ತಿದ್ದಾರೆ. ಹೋದ ತಿಂಗಳಾಗಿದ್ದರೆ ಆಶೀರ್ವಾದ ಮಾಡುತ್ತಿದ್ದೆ.

ಮಿಸ್ ಸ್ಕೂಲಿಗೆ ಹೋಗುತ್ತಿದ್ದಾರೆ. ಅಷ್ಟು ಸಾಕು.

ಮಾರ್ಚ್ 14, ಸೋಮವಾರ

ಸಾಲಲಿಲ್ಲ.

ಸ್ಕೂಲು ಬಿಡುವ ಹೊತ್ತಿಗೆ ಗೇಟಿನ ಹತ್ತಿರ ಕಾದಿದ್ದೆ. ಪ್ರೊಫೈಲ್ ಹಾಗೇ ಇದೆ ಎಂದು ಹೇಳಬೇಕಿತ್ತು. ಹೇಳಿದೆ. ಮಿಸ್‌ಗೆ ಆಶ್ಚರ್ಯ ಆಗಲಿಲ್ಲ.

‘ನೀನು ಒತ್ತಿದ್ದು ಏನು ಅಂತ ಕಾಣಿಸ್ತು ಕಣೋ. ನಿಂತಿದ್ದೆ ಬಾಗಿಲ ಹತ್ರ. ಒಂದು ಕೇಳ್ತೀನಿ, ನಿಜ ಹೇಳು. ಯಾವಾಗಿಂದ ಗೊತ್ತಿತ್ತು ನಿಂಗೆ?’

‘ಮಾವ ಬಂದ ಹಿಂದಿನ ದಿನದಿಂದ.’

‘ಅಳಿಸ್ಬಹುದಿತ್ತಲ್ವಾ?’

‘ಬಹುದಿತ್ತು ಮಿಸ್.’

‘ಯಾಕೆ ಅಳಿಸ್ಲಿಲ್ಲ?’

‘ಶನಿವಾರ ನಿಮ್ಮನ್ನ ರೇಗಿಸೋಣ ಅಂತ.’

ಮಕ್ಕಳು ‘ಬಾಯ್ ಮಿಸ್’ ಅನ್ನುತ್ತಾ ಹೋಗುತ್ತಿದ್ದರು. ಮಿಸ್ ಎಲ್ಲರಿಗೂ ಕೈ ಬೀಸಿದರು.

‘ಮೆಸೇಜೂ ಓದಿದೆ. ಒಂದು’ ಅಂದೆ. ಹೇಳದಿದ್ದರೂ ಆಗುತ್ತಿತ್ತು. ಆಗುತ್ತಿರಲಿಲ್ಲ.

‘ಗೊತ್ತು’ ಅಂದರು. ‘ಸ್ಕೂಲ್ ಆಫೀಸಲ್ಲಿ ಕೂತು ನೋಡ್ದೆ. ಅದೊಂದು ಮಾತ್ರ ತೆರೆದಿತ್ತು.’

ಕಿವಿ ಹಿಂಡಿದ್ದರೆ ಚೆನ್ನಾಗಿತ್ತು.

‘ಯುಗಾದಿ ಆದ್ಮೇಲೆ ಮನೇಲಿ ಹೇಳೋಣ ಅಂತಿದ್ದೆ ಕೌಸ್ತುಭ. ಅತ್ತೆಗೆ ಮೊದ್ಲು, ಆಮೇಲೆ ಮಾವನಿಗೆ. ಮಾತೆಲ್ಲ ಜೋಡಿಸಿಟ್ಕೊಂಡಿದ್ದೆ. ಅವತ್ತು ಅವರು ಬೈಯ್ಯಲಿ ಅಂತ ಕಾದೆ. ಬೈದಿದ್ರೆ ಅಲ್ಲೇ ಹೇಳ್ತಿದ್ದೆ. ಬೈಯ್ಯಲೂ ಇಲ್ಲ, ಕೇಳಲೂ ಇಲ್ಲ. ಆಮೇಲೆ ನೀನು ಬಂದು ಆ ನಾಟಕ ಆಡ್ದೆ. ಅತ್ತೆ ಮುಖದಲ್ಲಿ ಸಂತೋಷ ನೋಡಿ ನನ್ನ ಬಾಯಿ ಕಟ್ಟಿಹೋಯ್ತು. ಅದು ನನ್ನ ತಪ್ಪು. ಅವತ್ತು ಸಂಜೆ ಅತ್ತೆ ನನ್ನ ಎರಡೂ ಕೈ ಹಿಡ್ಕೊಂಡು ಕ್ಷಮೆ ಕೇಳಿದ್ರು ಕಣೋ. ಅವರದ್ದೇನೂ ತಪ್ಪಿಲ್ದೇನೇ. ಅದನ್ನ ಎಲ್ಲಿಡ್ಲಿ ನಾನು?’

ಸೈಕಲ್ ತಳ್ಳಿಕೊಂಡು ಹೊರಟರು, ನಾನೂ ಜೊತೆಗೆ ನಡೆದೆ.

‘ಈಗ ಹೋಗಿ ನಿಜ ಹೇಳಿದ್ರೆ, ಆ ಹುಡುಗನ ತಮಾಷೆ ಇವಳ ತಲೇಲಿ ಕೂತಿದೆ ಅಂತಾರೆ. ನಾನು ಎರಡು ವರ್ಷ ಯೋಚನೆ ಮಾಡಿ ಮಾಡಿದ್ದು ಅದು. ನಿನ್ನ ಸುಳ್ಳಿನಿಂದ ಅದು ಚೇಷ್ಟೆ ಆಗ್ಹೋಯ್ತು.’

‘ನಾನು ಹೋಗಿ ನಿಜ ಹೇಳ್ತೀನಿ ಮಿಸ್.’

‘ನೀನಾ?’ ಅಂದರು. ಅಷ್ಟೇ ಅಂದದ್ದು.

ಮಾರ್ಚ್ 16, ಬುಧವಾರ

ಹೋಗಿ ಹೇಳಿದೆ. ಎಲ್ಲವನ್ನೂ. ಚೀಟಿ ಅಂದರೇನು, ನಾನು ಯಾಕೆ ಬಿಟ್ಟೆ, ಪ್ರೊಫೈಲ್ ಯಾರದು, ಅವತ್ತು ಅಳಿಸಿದ್ದೇನು.

ಮಾವ ಪೇಪರ್ ಮಡಚಿದರು. ‘ಸರಿ. ಇದು ಎಷ್ಟನೇ ಅಂಕ?’

‘ದೇವರಾಣೆ ಮಾವ.’

‘ಅವತ್ತು ನೀನೇ ಮಾಡಿದ್ದು ಅಂತ ಬಂದೆ. ಇವತ್ತು ಅವಳು ಮಾಡಿದ್ದು ಅಂತೀಯ. ಏಟು ತಿಂದಿದ್ದಕ್ಕೆ ಸೇಡಾ? ಆ ಹೆಣ್ಣುಮಗಳು ನಿಂಗೆ ಪಾಠ ಹೇಳ್ಕೊಟ್ಟಿದಾಳೆ ಕಣೋ. ಬುದ್ಧಿ ಬೇಡ್ವಾ?’

ಅತ್ತೆ ಬಾಗಿಲು ತೋರಿಸಿದರು.

ಸುಳ್ಳು ಹೇಳಿದಾಗ ಅರ್ಧ ವಾಕ್ಯಕ್ಕೆ ನಂಬಿದರು. ನಿಜ ಹೇಳಿದಾಗ ಪೂರ್ತಿ ಕೇಳಿಸಿಕೊಂಡು ನಂಬಲಿಲ್ಲ. ಅವರ ಮೇಲೆ ಕೋಪ ಬರಬೇಕಿತ್ತು. ಬರಲಿಲ್ಲ. ಇಷ್ಟು ವರ್ಷ ಕಷ್ಟಪಟ್ಟು ಸಂಪಾದಿಸಿದ ಹೆಸರು ನನ್ನದು.

ಹೊರಗೆ ಮಿಸ್ ಸೈಕಲ್ ನಿಲ್ಲಿಸುತ್ತಿದ್ದರು. ತಲೆ ಆಡಿಸಿದೆ. ಅರ್ಥ ಆಯಿತು ಅವರಿಗೆ.

ಮಾರ್ಚ್ 20, ಭಾನುವಾರ. ಬೆಳಿಗ್ಗೆ ಹನ್ನೊಂದು. ಕೌಂಟರಿನಲ್ಲಿ

ಮಿಸ್ ಬಂದಿದ್ದಾರೆ. ಜೊತೆಗೆ ನರಸಿಂಹ ಮಾವ. ಸೌಪರ್ಣಿಕಾಗೆ ಗಂಡು ನೋಡಲು ಅಂತ ಕರೆದುಕೊಂಡು ಬಂದರಾ, ಏನು ಹೇಳಿ ಕರೆತಂದರು, ಗೊತ್ತಿಲ್ಲ. ‘ನೀನು ಅಲ್ಲೇ ಕೂತಿರು, ಹತ್ತಿರ ಬರ್ಬೇಡ’ ಎಂದು ಮಿಸ್ ಆಜ್ಞೆ. ಕೂತಿದ್ದೇನೆ. ಸುಮ್ಮನೆ ಕೂರಲು ಆಗದೆ ಬರೆಯುತ್ತಿದ್ದೇನೆ.

ಮಾವ ಅಭ್ಯಾಸದಿಂದ ಎರಡನೆಯದರ ಕಡೆ ಹೋದರು. ‘ಯಾವುದಾದ್ರೂ ಆಗತ್ತೆ ಮಾವ’ ಅಂದರು ಮಿಸ್. ನಾಲ್ಕನೆಯದು. ಅದರಲ್ಲಿ ಯಾರ ಚೀಟಿಯೂ ಇಲ್ಲ, ಬೆಳಿಗ್ಗೆಯೇ ಗುಡಿಸಿದ್ದೇನೆ. ಎಲ್ಲದರಲ್ಲೂ. ಈಗ ದಿನಾ ಗುಡಿಸುತ್ತೇನೆ.

ಸೈಟು ತೆರೆದರು. ‘ವೆಲ್‌ಕಂ, ಗೆಸ್ಟ್.’ ಇಲ್ಲಿಂದಲೇ ಕಾಣುತ್ತಿದೆ.

‘ಅಳಿಸಿಹೋಗಿದೆಯಲ್ಲಮ್ಮ, ಇನ್ನೇನು ನೋಡೋದು?’

‘ಇದಕ್ಕೆ ನಾನು ಯಾರು ಅಂತ ಗೊತ್ತಿಲ್ಲ ಮಾವ. ಈಗ ಹೇಳ್ತೀನಿ. ನೀವು ನೋಡ್ತಾ ಇರಿ.’

ಹೆಸರು ಟೈಪು ಮಾಡಿದರು. ಪಾಸ್‌ವರ್ಡ್ ಟೈಪು ಮಾಡುತ್ತಿದ್ದಾರೆ, ಒಂದೊಂದೇ ಅಕ್ಷರ. ಒಂದೊಂದಕ್ಕೂ ಒಂದೊಂದು ಚುಕ್ಕಿ. ‘ನೆನಪಿಟ್ಟುಕೋ’ ಚೌಕದ ಟಿಕ್ ತೆಗೆದರು. ‘ಈ ಗುಟ್ಟಿನ ಪದ ನನಗೊಬ್ಬಳಿಗೇ ಗೊತ್ತು ಮಾವ. ಕೌಸ್ತುಭನಿಗೆ ಗೊತ್ತಿಲ್ಲ. ಯಾರಿಗೂ ಗೊತ್ತಿಲ್ಲ.’

ಎಂಟರ್.

ಲೈನ್ ಸ್ಲೋ. ಪುಟ ಮೇಲಿನಿಂದ ಇಷ್ಟಿಷ್ಟೇ ಇಳಿಯುತ್ತಿದೆ. ಹೆಸರು ಬಂತು. ಫೋಟೊ ಅರ್ಧ ಬಂತು.

ಮಾವ ಕನ್ನಡಕ ತೆಗೆದು ಪಂಚೆಯಲ್ಲಿ ಒರೆಸಿ ಮತ್ತೆ ಹಾಕಿಕೊಂಡರು. ಇನ್ನೂ ನಿಂತೇ ಇದ್ದಾರೆ.

‘ಇದು ನೀನೇ ಮಾಡ್ಕೊಂಡಿದ್ದಾ?’

‘ಹೌದು ಮಾವ. ನಾನೇ.’

‘ಯಾವಾಗ?’

‘ದೀಪಾವಳಿ ಆದ್ಮೇಲೆ.’

ಹೊರಗೆ ಕಂಡಕ್ಟರ್ ಕೋಲಾರ ಕೋಲಾರ ಅಂತ ಕೂಗುತ್ತಿದ್ದಾನೆ. ಮಿಸ್ ಬೆನ್ನು ಮಾತ್ರ ಕಾಣುತ್ತಿದೆ ನನಗೆ. ನೆಟ್ಟಗಿದೆ, ಬೋರ್ಡಿನ ಮುಂದೆ ನಿಂತ ಹಾಗೆ.

ಮಾವ ಮೂರನೇ ಸಿಸ್ಟಮ್ಮಿನ ಕುರ್ಚಿ ಎಳೆದುಕೊಂಡರು. ಕೂತರು.

‘ಕೆಳಗೆ ಏನೋ ಬರೆದಿದೆಯಲ್ಲ. ಸಣ್ಣಕ್ಷರ, ನಂಗೆ ಕಾಣಲ್ಲ. ಯಾರು ಅವರು? ಓದು.’

ಮಿಸ್ ಗಂಟಲು ಸರಿಮಾಡಿಕೊಂಡರು. ಓದಲು ಶುರುಮಾಡುತ್ತಿದ್ದಾರೆ. ಇಲ್ಲಿಗೆ ಒಂದೊಂದು ಅಕ್ಷರವೂ ಕೇಳಿಸುತ್ತದೆ. ಇದನ್ನು ನಾನು ಕೇಳಬಾರದು. ಎದ್ದು ಹೊರಗೆ ಹೊರಟೆ.